ಕೇಳಿ, ಹೇಳ್ತೀನಿ: ಮನೇಲೇ ಪೋಕೆ ಬೌಲ್ ಮಾಡೋರ ಪ್ರಶ್ನೆಗಳು

ಹೋದ ಸಂಚಿಕೆಲಿ ಹವಾಯಿ ಊಟದ ಬಗ್ಗೆ ಬರೀವಾಗ ಪೋಕೆ ವಿಷಯ ಎರಡೇ ಸಾಲಲ್ಲಿ ಮುಗಿಸಿದ್ದೆ. ಹಸಿ ಮೀನನ್ನ ತುಂಡು ಮಾಡಿ ಉಪ್ಪೋ ಸೋಯಾ ಸಾಸೋ ಹಾಕಿ ಕಲಸಿ ಅನ್ನದ ಮೇಲೆ ಹಾಕ್ಕೊಂಡು ತಿನ್ನೋದು ಅಂತ ಅಷ್ಟೇ. ಅದಕ್ಕೆ ಬಂದಿರೋ ಪತ್ರಗಳು ನೋಡಿದ್ರೆ ಬೇರೆ ಎಲ್ಲ ಬಿಟ್ಟು ಇದೊಂದನ್ನೇ ಎಲ್ರೂ ಹಿಡ್ಕೊಂಡಿದಾರೆ. ಸರಿ, ಈ ಸಲ ಪೂರ್ತಿ ಅದೇ.

ಪ್ರಶ್ನೆ: ಅಕ್ಕ, ನಾವು ಕ್ಯಾಲಿಫೋರ್ನಿಯಾದಲ್ಲಿದೀವಿ, ಮಕ್ಕಳಿಗೆ ಪೋಕೆ ಬೌಲ್ ಹುಚ್ಚು, ನಾಲ್ಕು ಜನ ಹೊರಗೆ ತಿಂದ್ರೆ ಬಿಲ್ ನೋಡಿ ಎದೆ ಹೊಡ್ಕೊಳತ್ತೆ. ಮನೇಲಿ ಮಾಡೋಣ ಅಂದ್ರೆ ಯಾವ ಮೀನು ತರ್ಬೇಕು? ಪ್ಯಾಕೆಟ್ ಮೇಲೆ ಸುಶಿ ಗ್ರೇಡ್ ಅಂತ ಇದ್ರೆ ಸಾಕಾ?
(ಒಬ್ಬ ಗೃಹಿಣಿ, ಸ್ಯಾನ್ ಹೋಸೆ)

ಉತ್ತರ: ಸಾಕಾಗಲ್ಲ. ಸುಶಿ ಗ್ರೇಡ್, ಅಂದ್ರೆ ಹಸಿಯಾಗಿ ತಿನ್ನೋಕೆ ಲಾಯಕ್ಕು, ಅನ್ನೋದಕ್ಕೆ ಅಮೆರಿಕದ ಕಾನೂನಲ್ಲಿ ಯಾವ ಅರ್ಥಾನೂ ಇಲ್ಲ, ಅದು ಅಂಗಡಿಯವನು ತಾನೇ ಅಂಟಿಸ್ಕೊಳ್ಳೋ ಚೀಟಿ. ಒಳ್ಳೆ ಅಂಗಡಿಯವರು ಅದನ್ನ ಜವಾಬ್ದಾರಿಯಿಂದ ಹಾಕ್ತಾರೆ, ಉಳಿದವರು ರೇಟು ಏರಿಸೋಕೆ ಹಾಕ್ತಾರೆ. ನೀವು ಕೇಳ್ಬೇಕಾಗಿರೋದು ಬೇರೆ: ಇದನ್ನ ಹಸಿಯಾಗಿ ತಿನ್ನೋಕೆ ಅಂತ್ಲೇ ಮಾರ್ತಿದೀರಾ, ಮುಂಚೆ ಫ್ರೀಜ್ ಮಾಡಿದ್ದಾ, ಯಾವತ್ತು ಕರಗಿಸಿದ್ದು. ಈ ಮೂರಕ್ಕೆ ಥಟ್ ಅಂತ ಉತ್ತರ ಬರಲಿಲ್ಲ ಅಂದ್ರೆ ಆ ಕೌಂಟರ್ ಬಿಟ್ಟು ಮುಂದೆ ಹೋಗಿ.

ಫ್ರೀಜ್ ಮಾಡಿದ್ದು ಅಂದ್ರೆ ಮೂಗು ಮುರೀಬೇಡಿ. ಹಸಿ ತಿನ್ನೋ ಮೀನಿನ ವಿಷಯದಲ್ಲಿ ಅದೇ ಒಳ್ಳೇದು, ಯಾಕಂದ್ರೆ ಸಮುದ್ರದ ಮೀನಲ್ಲಿ ಅನಿಸಾಕಿಸ್ ಅಂತ ಒಂದು ಹುಳ ಇರ್ಬಹುದು, ಬೇಯಿಸದೇ ಇದ್ರೆ ಅದು ಸಾಯೋದು ಗಟ್ಟಿಯಾಗಿ ಫ್ರೀಜ್ ಮಾಡಿದ್ರೇನೇ. ಅಮೆರಿಕದ ಎಫ್‌ಡಿಎ, ಅಂದ್ರೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ, ಹೇಳೋ ಲೆಕ್ಕ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಇಲ್ಲಾಂದ್ರೆ ಮೈನಸ್ 35ರಲ್ಲಿ ಗಟ್ಟಿ ಮಾಡಿ ಅಲ್ಲೇ 15 ಗಂಟೆ. ಪೋಕೆಗೆ ಹಾಕೋ ದೊಡ್ಡ ಟ್ಯೂನಾಗಳಿಗೆ, ಅಂದ್ರೆ ಹವಾಯಿಯವರು ಆಹಿ ಅಂತ ಕರೆಯೋ ಯೆಲ್ಲೋಫಿನ್ ಮತ್ತೆ ಬಿಗ್‌ಐಗೆ, ಈ ನಿಯಮದಿಂದ ವಿನಾಯಿತಿ ಇದೆ, ಅವುಗಳಲ್ಲಿ ಹುಳದ ಕಾಟ ಕಮ್ಮಿ. ಫಾರಂನಲ್ಲಿ ಪೆಲೆಟ್ ಅನ್ನೋ ಗುಳಿಗೆ ಆಹಾರ ಹಾಕಿ ಸಾಕಿದ ಸಾಲ್ಮನ್‌ಗೂ ಹಾಗೇ. ಕಾಡು ಸಾಲ್ಮನ್ ಆದ್ರೆ ಫ್ರೀಜ್ ಆಗಿರಲೇಬೇಕು, ಅದರಲ್ಲಿ ಮಾತಿಲ್ಲ.

ಇನ್ನೊಂದು, ಬಣ್ಣ ನೋಡಿ ಮರುಳಾಗ್ಬೇಡಿ. ಕಲ್ಲಂಗಡಿ ಕೆಂಪಲ್ಲಿ ಹೊಳೀತಿರೋ ಟ್ಯೂನಾಗೆ ಎಷ್ಟೋ ಸಲ ಕಾರ್ಬನ್ ಮೊನಾಕ್ಸೈಡ್ ಅನ್ನೋ ಅನಿಲ ಹಾಯಿಸಿರ್ತಾರೆ, ಅಂಥದ್ದು ಹಳಸಿದ ಮೇಲೂ ಕೆಂಪಗೇ ಇರತ್ತೆ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಬರ್ದಿರತ್ತೆ, ಓದಿ.

ಕರಗಿಸೋದು ಫ್ರಿಜ್ ಒಳಗೇ, ಹಿಂದಿನ ರಾತ್ರಿ ಇಟ್ಬಿಡಿ, ಸಿಂಕಲ್ಲಿ ಇಡೋ ಅಭ್ಯಾಸ ಬೇಡ. ಗಾಳಿ ತೆಗೆದು ಸೀಲ್ ಮಾಡಿರೋ ಪ್ಯಾಕೆಟ್ ಆದ್ರೆ ಮೀನನ್ನ ಹೊರಗೆ ತೆಗೆದು ತಟ್ಟೇಲಿಟ್ಟು ಮುಚ್ಚಿ ಆಮೇಲೆ ಕರಗಿಸಿ, ಬಾಟುಲಿಸಂ ಅನ್ನೋ ಮಾರಕ ಆಹಾರ ವಿಷಬಾಧೆ ತರೋ ಬ್ಯಾಕ್ಟೀರಿಯಾದಲ್ಲಿ ಒಂದು ಜಾತಿ ಗಾಳಿ ಇಲ್ಲದ ಕಡೆ ಫ್ರಿಜ್ ತಂಪಲ್ಲೂ ಬೆಳೆಯತ್ತೆ. ಕರಗಿದ ಮೇಲೆ ಪೇಪರ್ ಟವೆಲ್ ಒತ್ತಿ ಒತ್ತಿ ಒರೆಸಿ, ನೀರು ಉಳಿದ್ರೆ ಸಾಸ್ ಹಿಡಿಯಲ್ಲ. ಬಿಳಿ ನಾರು ಗೆರೆ ಗೆರೆಯಾಗಿ ಕಾಣತ್ತಲ್ಲ, ಅದಕ್ಕೆ ಅಡ್ಡಡ್ಡ ಕತ್ತರಿಸ್ಬೇಕು, ಉದ್ದುದ್ದ ಕತ್ತರಿಸಿದ್ರೆ ಅಗಿಯೋಕಾಗಲ್ಲ. ನಾರು ಜಾಸ್ತಿ ಇರೋ ಬಾಲದ ಕಡೆ ತುಂಡು ಸಿಕ್ಕಿದ್ರೆ ಚಮಚದಲ್ಲಿ ಕೆರೆದು ತಿರುಳು ತೆಗೀರಿ, ನಾರು ಹಲಗೆ ಮೇಲೇ ಉಳ್ಕೊಳತ್ತೆ. ಚಾಕು ಚೆನ್ನಾಗಿ ಹರಿತ ಇರ್ಲಿ, ಎರಡು ಸೆಂಟಿಮೀಟರ್ ತುಂಡು ಸಾಕು.

300 ಗ್ರಾಂ ಮೀನಿಗೆ ಒಂದೂವರೆ ದೊಡ್ಡ ಚಮಚ ಸೋಯಾ ಸಾಸ್, ಒಂದು ಟೀ ಚಮಚ ಎಳ್ಳೆಣ್ಣೆ, ತೆಳ್ಳಗೆ ಹೆಚ್ಚಿದ ಕಾಲು ಈರುಳ್ಳಿ, ಈರುಳ್ಳಿ ಸೊಪ್ಪು, ಹುರಿದ ಎಳ್ಳು, ಖಾರ ಬೇಕಂದ್ರೆ ಒಣಮೆಣಸಿನ ಚೂರು. ಎಳ್ಳೆಣ್ಣೆ ಅಂದ್ರೆ ಹುರಿದ ಎಳ್ಳಿಂದ ತೆಗೆದ ಕಂದು ಬಣ್ಣದ್ದು, ನಮ್ಮ ಉಪ್ಪಿನಕಾಯಿಗೆ ಹಾಕೋ ತಿಳಿ ಎಣ್ಣೆ ಹಾಕಿದ್ರೆ ಆ ಘಮ ಬರಲ್ಲ. ಕಲಸಿ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ತಿಂದ್ಬಿಡಿ. ಬೆಳಗ್ಗೆನೇ ಕಲಸಿಟ್ರೆ ಸೋಯಾದ ಉಪ್ಪು ನೀರೆಲ್ಲ ಎಳೆದು ಮೀನು ಕಂದಾಗಿ ರಬ್ಬರ್ ಥರ ಆಗತ್ತೆ.

ಪ್ರಶ್ನೆ: ಬೆಂಗಳೂರಲ್ಲಿ ಒಂದ್ಕಡೆ ತಿಂದೆ, ಮಾವಿನಹಣ್ಣು, ಸ್ವೀಟ್ ಕಾರ್ನ್, ಮೇಯನೀಸು, ಬೆಣ್ಣೆಹಣ್ಣು, ಎಲ್ಲಾ ಇತ್ತು, ಮೀನು ಹುಡುಕ್ಬೇಕಿತ್ತು. ಅಸಲಿ ಪೋಕೆ ಹೀಗೇನಾ?
(ಇಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಅಲ್ಲಪ್ಪ. ಅದು 2010ರಿಂದೀಚೆ ಅಮೆರಿಕದ ಮೇನ್‌ಲ್ಯಾಂಡಲ್ಲಿ, ಅಂದ್ರೆ ಹವಾಯಿ ದ್ವೀಪಗಳಾಚೆ ಮುಖ್ಯ ಭೂಭಾಗದಲ್ಲಿ, ಅಂಗಡಿಗಳು ಸಾಲಾಗಿ ಎದ್ದಾಗ ಬೆಳೆದ ಸಂತಾನ. ಹವಾಯಿಯ ಮೂಲನಿವಾಸಿಗಳ ಪೋಕೆಯಲ್ಲಿ ಇರೋದು ಆಗಷ್ಟೇ ಹಿಡಿದ ಮೀನು, ಸಮುದ್ರದ ಉಪ್ಪು, ಲಿಮು ಅಂತ ಕರೆಯೋ ಕಡಲಪಾಚಿ, ಆಮೇಲೆ ಇನಮೋನ, ಅಂದ್ರೆ ಕುಕುಯಿ ಅನ್ನೋ ಬೀಜ ಸುಟ್ಟು ಕುಟ್ಟಿ ಉಪ್ಪು ಬೆರೆಸಿದ ಪುಡಿ. ಅಷ್ಟೇ. ಸೋಯಾ ಸಾಸ್, ಎಳ್ಳೆಣ್ಣೆ ಬಂದಿದ್ದು ಕಬ್ಬಿನ ತೋಟಕ್ಕೆ ಕೂಲಿಗೆ ಬಂದವರ ಜೊತೆ. ಚೀನಾದವರು 1852ರಿಂದ, ಜಪಾನಿನವರು 1868ರಲ್ಲಿ ಒಂದು ಸಣ್ಣ ಗುಂಪು, 1885ರಿಂದ ಸಾವಿರ ಸಾವಿರ ಲೆಕ್ಕದಲ್ಲಿ. ಅನ್ನದ ಮೇಲೆ ಮೀನು ಬಂದು ಕೂತಿದ್ದೂ ಇವರ ಕೈಯಿಂದ್ಲೇ ಅನ್ನಿ.

ಲಿಮು ಅಂದಾಗ ಒಬ್ರ ಹೆಸರು ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಇಸಬೆಲ್ಲಾ ಅಬಾಟ್, 1919ರಲ್ಲಿ ಮಾವಿ ದ್ವೀಪದ ಹಾನಾದಲ್ಲಿ ಹುಟ್ಟಿದವರು, ಅಮ್ಮ ಹವಾಯಿಯವರು, ಅಪ್ಪ ಚೀನಾ ಮೂಲದವರು. ಅಮ್ಮನ ಜೊತೆ ದಡದಲ್ಲಿ ಪಾಚಿ ಆರಿಸ್ತಾ ಬೆಳೆದವರು ಮುಂದೆ ಅದೇ ಪಾಚಿ ಮೇಲೆ ಜಗತ್ತೇ ಕೇಳೋ ಅಷ್ಟು ದೊಡ್ಡ ವಿಜ್ಞಾನಿ ಆದ್ರು, ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹವಾಯಿ ಮೂಲನಿವಾಸಿ ಹೆಣ್ಣುಮಗಳು. ಯಾವ ಲಿಮು ಯಾವ ಮೀನಿಗೆ ಅಂತ ಅಜ್ಜಿಯರಿಗೆ ಗೊತ್ತಿದ್ದದ್ದೆಲ್ಲ ಪುಸ್ತಕಕ್ಕೆ ಬರೋದ್ರಲ್ಲಿ ಅವರ ಪಾಲು ದೊಡ್ಡದು.

ಮಾವಿನಹಣ್ಣು ಹಾಕ್ಕೊಂಡ್ರೆ ಯಾರೂ ಜೈಲಿಗೆ ಹಾಕಲ್ಲ, ಆದ್ರೆ ನನ್ನ ಕೇಳಿದ್ರೆ ಮೇಯನೀಸ್ ಸುರಿದ ಕಡೆ ಮೀನಿನ ಬಗ್ಗೆ ಸ್ವಲ್ಪ ಅನುಮಾನ ಇಟ್ಕೊಳ್ಳಿ. ಹೊನೊಲುಲುವಿನಲ್ಲಿ ಖಾರದ ಮೇಯೊ ಪೋಕೆ ಧಾರಾಳವಾಗಿ ಸಿಗತ್ತೆ ಅನ್ನೋದೂ ನಿಜ, ಆದ್ರೆ ಅಲ್ಲಿ ಮೀನೇ ಮುಂದೆ, ಮೇಯೊ ಹಿಂದೆ. ಅಲ್ಲಿ ಬಂದರಿನ 38ನೇ ಪಿಯರ್ (ಧಕ್ಕೆ) ಹತ್ರ ಬೆಳಗಿನ ಜಾವ ಮೀನು ಹರಾಜಾಗತ್ತೆ, ಒಂದೊಂದು ಆಹಿದೂ ಬಾಲದ ಹತ್ರ ಕೊಯ್ದಿಟ್ಟಿರ್ತಾರೆ, ಕೊಳ್ಳೋರು ಆ ಮಾಂಸದ ಬಣ್ಣ, ಕೊಬ್ಬು ನೋಡಿ, ಬೆರಳಲ್ಲಿ ಉಜ್ಜಿ ರೇಟು ಕೂಗ್ತಾರೆ. ಅಷ್ಟು ನೋಡಿ ತಂದ ಮೀನಿನ ಮೇಲೆ ಯಾರು ಜೋಳ ಸುರೀತಾರೆ ಹೇಳಿ.

ಪ್ರಶ್ನೆ: ನಮ್ಮದು ಮಂಗಳೂರು, ಮೀನಿಗೆ ಬರ ಇಲ್ಲ. ಬೆಳಗ್ಗೆ ಧಕ್ಕೆಯಿಂದ ತಂದ ಕೇದರ (ಟ್ಯೂನಾ) ಇಲ್ಲಾ ಅಂಜಲ್ ಹಸಿಯಾಗಿ ತಿನ್ಬಹುದಾ? ಒಂದು ವಾರ ಮನೆ ಫ್ರೀಜರ್‌ನಲ್ಲಿಟ್ರೆ ಹುಳ ಸಾಯತ್ತೆ ಅಂತ ನಮ್ಮ ಭಾವ ಹೇಳ್ತಾರೆ.
(ಒಬ್ಬ ಓದುಗರು, ಮಂಗಳೂರು)

ಉತ್ತರ: ಬೇಡಿ. ಭಾವ ಹೇಳಿದ್ದು ಅರ್ಧ ಸರಿ, ಉಳಿದರ್ಧದಲ್ಲೇ ಅಪಾಯ ಇರೋದು.

ಬೆಳಗ್ಗೆ ಧಕ್ಕೆಗೆ ಬಂತು ಅಂದ ಮಾತ್ರಕ್ಕೆ ಬೆಳಗ್ಗೆ ಹಿಡಿದದ್ದು ಅಂತಲ್ಲ, ನಿಮಗೆ ಹೇಳೋದೇನು, ಎಷ್ಟೋ ಬೋಟು ವಾರಕ್ಕಿಂತ ಜಾಸ್ತಿ ಸಮುದ್ರದಲ್ಲೇ ಇರ್ತವೆ. ಸಾರಿಗೆ, ಗಸಿಗೆ ಆ ಮೀನು ಚೊಕ್ಕ. ಹಸಿಗೆ ಲೆಕ್ಕ ಬೇರೆ. ಕೇದರ, ಬಂಗುಡೆ, ಬೂತಾಯಿ ಈ ಜಾತಿ ಮೀನಲ್ಲಿ ಹಿಸ್ಟಿಡಿನ್ ಅಂತ ಒಂದು ಅಂಶ ಜಾಸ್ತಿ ಇರತ್ತೆ, ಮೀನು ನಾಲ್ಕೈದು ಡಿಗ್ರಿಗಿಂತ ಬೆಚ್ಚಗೆ ಸ್ವಲ್ಪ ಹೊತ್ತು ಬಿದ್ದಿದ್ರೆ ಬ್ಯಾಕ್ಟೀರಿಯಾ ಅದನ್ನ ಹಿಸ್ಟಮಿನ್ ಮಾಡ್ಬಿಡ್ತವೆ, ಡೆಕ್ ಮೇಲೋ, ಬುಟ್ಟೀಲೋ, ನಿಮ್ಮ ಸ್ಕೂಟರ್ ಡಿಕ್ಕೀಲೋ, ಎಲ್ಲಿ ಬೇಕಾದ್ರೂ. ಒಂದ್ಸಲ ಆದ ಹಿಸ್ಟಮಿನ್ ಫ್ರೀಜ್ ಮಾಡಿದ್ರೂ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ, ವಾಸನೇಲಿ ಗೊತ್ತಾಗ್ಲೇಬೇಕು ಅಂತಾನೂ ಇಲ್ಲ. ತಿಂದ ಸ್ವಲ್ಪ ಹೊತ್ತಲ್ಲೇ ಮುಖ ಕೆಂಪಾಗಿ ತಲೆ ಸಿಡಿದು ಮೈ ತುಂಬ ದದ್ದು ಏಳತ್ತೆ. ಬಾಯಲ್ಲಿ ಮೆಣಸು ಕಚ್ಚಿದ ಹಾಗೆ ಚುರುಗುಟ್ಟಿದ್ರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ.

ಇನ್ನು ಮನೆ ಫ್ರೀಜರ್. ಅದು ಸರಿಯಾಗಿದ್ರೆ ಮೈನಸ್ 18ರ ಆಸುಪಾಸು, ಅದೂ ಮಕ್ಕಳು ಐಸ್‌ಕ್ರೀಮಿಗೆ ಬಾಗಿಲು ತೆಗೀತಾನೇ ಇರ್ತಾರೆ, ಕರೆಂಟ್ ಬೇರೆ ಹೋಗತ್ತೆ. ಹುಳ ಸತ್ತಿತು ಅಂತ್ಲೇ ಇಟ್ಕೊಳ್ಳಿ, ಬ್ಯಾಕ್ಟೀರಿಯಾ ವೈರಸ್‌ಗಳು ಫ್ರೀಜರ್‌ಗೆ ಬಗ್ಗಲ್ಲ. 2016ರಲ್ಲಿ ಹವಾಯಿಯಲ್ಲೇ ಫ್ರೀಜ್ ಆಗಿ ಬಂದ ಸ್ಕಾಲಪ್ ಚಿಪ್ಪುಮೀನನ್ನ ಹಸಿಯಾಗಿ ತಿಂದು 292 ಜನಕ್ಕೆ ಹೆಪಟೈಟಿಸ್ ಎ ಅನ್ನೋ ಲಿವರ್‌ನ ವೈರಸ್ ಕಾಯಿಲೆ ಬಂತು.

ಹಾಗಂತ ಆಸೆ ಬಿಡ್ಬೇಕಾಗಿಲ್ಲ. ಹವಾಯಿಯಲ್ಲಿ ಪೋಕೆ ಅಂದ್ರೆ ಹಸಿದು ಮಾತ್ರ ಅಲ್ಲ, ಬೇಯಿಸಿದ ಆಕ್ಟೋಪಸ್‌ದೂ ಇರತ್ತೆ, ತಾಕೋ ಪೋಕೆ ಅಂತಾರೆ, ಹಸಿದಕ್ಕಿಂತ ಅದನ್ನೇ ಇಷ್ಟಪಡೋರಿದಾರೆ. ನೀವು ಬೊಂಡಾಸ (ಸ್ಕ್ವಿಡ್) ಇಲ್ಲಾ ಸಿಗಡಿ ತಗೊಳ್ಳಿ. ಬೊಂಡಾಸ ಉಂಗುರ ಮಾಡಿ ಕುದಿಯೋ ಉಪ್ಪುನೀರಲ್ಲಿ ಒಂದೂವರೆ ನಿಮಿಷ, ಬಣ್ಣ ಪೂರ್ತಿ ಬೆಳ್ಳಗಾದ ಕೂಡಲೇ ತೆಗೆದು ಐಸ್ ನೀರಿಗೆ ಹಾಕಿ, ಅಲ್ಲೇ ಬಿಟ್ರೆ ಚಪ್ಪಲಿ ಅಗಿದಂಗಾಗತ್ತೆ. ಸಿಗಡಿ ಮಧ್ಯದವರೆಗೂ ಬೇಯ್ಲಿ. ನೀರು ಬಸಿದು ಚೆನ್ನಾಗಿ ಒರೆಸಿ ಮೇಲೆ ಹೇಳಿದ ಸಾಸಲ್ಲೇ ಕಲಸಿ. ಅಥವಾ ಸೋಯಾ ಬಿಟ್ಟು ಗೋಕರ್ಣದ ಹತ್ರದ ಸಾಣಿಕಟ್ಟೆ ಕಲ್ಲುಪ್ಪು ಕುಟ್ಟಿ ಹಾಕಿ, ಇನಮೋನ ಬದ್ಲು ಗೇರುಬೀಜವನ್ನ ಕಂದು ಬಣ್ಣ ಬರೋವರೆಗೆ ಹುರಿದು ತರಿತರಿ ಕುಟ್ಟಿ ಬೆರೆಸಿ. ಹಳೇ ಹವಾಯಿ ರುಚಿಗೆ ನಿಮ್ಮೂರಿನ ಸಾಮಾನಲ್ಲಿ ಇಷ್ಟು ಹತ್ರ ಹೋಗ್ಬಹುದು.

ಪ್ರಶ್ನೆ: ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿದ್ರೆ ಮೀನು ಬೆಂದಂಗೇ ಅಲ್ವಾ?
(ಹೆಸರು ಬೇಡ ಅಂದಿದಾರೆ)

ಉತ್ತರ: ನೋಡೋಕೆ ಬೆಂದಂಗೆ ಬೆಳ್ಳಗಾಗತ್ತೆ. ಹುಳವೂ ಸಾಯಲ್ಲ, ರೋಗಾಣು ಎಲ್ಲಾ ಹೋಗಲ್ಲ. ವಸಾಬಿ, ಶುಂಠಿ, ವಿನೆಗರ್ ಕಥೆಯೂ ಅಷ್ಟೇ, ರುಚಿಗೆ ಹಾಕ್ಕೊಳ್ಳಿ.

ಪ್ರಶ್ನೆ: ಸಮುದ್ರ ದೂರ, ನಮ್ಮ ಕಡೆ ಕೆರೆ ಮೀನು ಫ್ರೆಶ್ಶಾಗಿ ಸಿಗತ್ತೆ, ಕಣ್ಮುಂದೇನೇ ಜೀವಂತ ಕಾಟ್ಲಾ, ರೋಹು ಹಿಡಿದು ಕೊಡ್ತಾರೆ. ಇದಕ್ಕಿಂತ ತಾಜಾ ಇನ್ನೇನು ಬೇಕು?
(ಒಬ್ಬ ಓದುಗರು, ಮಂಡ್ಯ)

ಉತ್ತರ: ಜೀವಂತ ಇದ್ರೂ ಬೇಡ ಸ್ವಾಮಿ, ಸಿಹಿನೀರಿನ ಮೀನು ಹಸಿಯಾಗಿ ಬೇಡವೇ ಬೇಡ. ಅದರಲ್ಲಿ ಮನುಷ್ಯನ ಮೈಯಲ್ಲಿ ಮನೆ ಮಾಡ್ಕೊಳ್ಳೋ ಹುಳಗಳು ಬೇರೆ ಜಾತಿಯವು, ಲಿವರ್‌ಗೇ ಹೋಗಿ ಕೂರೋವೂ ಇವೆ. ಸಿಂಗಾಪುರದಲ್ಲಿ 2015ರಲ್ಲಿ ಗಂಜಿ ಜೊತೆ ಹಸಿ ಸಿಹಿನೀರು ಮೀನು ತಿಂದವರಿಗೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸೋಂಕು ತಗುಲಿ, ಆರೋಗ್ಯವಾಗಿದ್ದವರೂ ಆಸ್ಪತ್ರೆ ಸೇರಿದ್ರು. ಆ ವರ್ಷದ ಕೊನೆಗೆ ಅಲ್ಲಿನ ಸರ್ಕಾರ ಹೋಟೆಲುಗಳಲ್ಲಿ ಹಸಿ ಸಿಹಿನೀರು ಮೀನು ಬಡಿಸೋದನ್ನೇ ನಿಲ್ಲಿಸ್ತು. ನಿಮ್ಮ ಕಾಟ್ಲಾಗೆ ಮಸಾಲೆ ಸವರಿ ಕಾವಲಿ ಮೇಲೆ ಹಾಕಿ, ಅದರ ಮುಂದೆ ಪೋಕೆ ಯಾಕೆ?

ಪ್ರಶ್ನೆ: ಸೋನಾ ಮಸೂರಿ ಅನ್ನ ಉದುರುದುರಾಗಿ ಚಾಪ್‌ಸ್ಟಿಕ್‌ಗೆ ಸಿಗಲ್ಲ, ಏನ್ ಮಾಡ್ಲಿ?

ಉತ್ತರ: ಚಮಚದಲ್ಲಿ ತಿನ್ನಿ. ತಮಾಷೆ ಬಿಡಿ, ಹವಾಯಿಯಲ್ಲಿ ಬಳಸೋದು ಕ್ಯಾಲ್‌ರೋಸ್ ಅನ್ನೋ ಮಧ್ಯಮ ಕಾಳಿನ ಅಕ್ಕಿ, ವಿನೆಗರ್ ಹಾಕಲ್ಲ, ಸಪ್ಪೆ ಅನ್ನ. ಅದು ಸಿಗದಿದ್ರೆ ಸೋನಾ ಮಸೂರಿಲೇ ಹೊಸ ಅಕ್ಕಿ ಕೇಳಿ ತಗೊಂಡು, ಅರ್ಧ ಗಂಟೆ ನೆನೆಸಿ, ನೀರು ಸ್ವಲ್ಪ ಮುಂದೆ ಇಟ್ಟು ಮಾಡಿ, ಹಳೇ ಅಕ್ಕಿಗಿಂತ ಚೆನ್ನಾಗಿ ಅಂಟತ್ತೆ. ಅನ್ನ ಹೊಗೆ ಆಡ್ತಿರೋವಾಗ ಮೀನು ಹಾಕಿದ್ರೆ ತಳದ ತುಂಡುಗಳು ಅರೆಬೆಂದು ಕೆಡ್ತವೆ. ಬೌಲಿಗೆ ಹಾಕಿ ಉಗುರುಬೆಚ್ಚಗಾಗೋಕೆ ಬಿಡಿ, ಮೀನು ಮಾತ್ರ ಫ್ರಿಜ್‌ನಿಂದ ಕೊನೇ ಗಳಿಗೇಲಿ ಬರ್ಲಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮಗಳು ಅಮೆರಿಕದಿಂದ ಬಂದಾಗ ಮಾಡಿಕೊಡೋಣ ಅಂತ ಆಸೆ. ಟೋಫು ಹಾಕಿದ್ರೆ ನಗ್ತಾರಾ?
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಯಾಕಮ್ಮ ನಗ್ತಾರೆ, ಹವಾಯಿಯ ಕೌಂಟರ್‌ಗಳಲ್ಲೇ ಟೋಫು ಪೋಕೆ ಇರತ್ತೆ. ಗಟ್ಟಿ ಟೋಫು ಬಟ್ಟೇಲಿ ಸುತ್ತಿ ಮೇಲೆ ಭಾರ ಇಟ್ಟು ನೀರು ಇಳಿಸಿ, ಇದು ಮೀನಲ್ಲ ಆದ್ದರಿಂದ ಎರಡು ಗಂಟೆ ಸಾಸಲ್ಲಿ ನೆನೆದ್ರೂ ಒಳ್ಳೇದೇ. ನನಗೆ ಅದಕ್ಕಿಂತ ಬೀಟ್‌ರೂಟ್ ಇಷ್ಟ, ಸಿಪ್ಪೆ ಸಮೇತ ಬೇಯಿಸಿ ಆರಿದ ಮೇಲೆ ಸುಲಿದು ತುಂಡು ಮಾಡಿ ಅದೇ ಸೋಯಾ, ಎಳ್ಳೆಣ್ಣೆ, ಈರುಳ್ಳಿ ಸೊಪ್ಪು ಹಾಕಿ, ಬಣ್ಣ ಥೇಟ್ ಆಹಿನೇ. ಲಿಮು ಬದ್ಲು ನೋರಿ, ಅಂದ್ರೆ ಒಣಗಿಸಿದ ಕಡಲಪಾಚಿ ಹಾಳೆ, ಸಿಕ್ಕಿದ್ರೆ ತವಾ ಮೇಲೆ ಬೆಚ್ಚಗೆ ಮಾಡಿ ಪುಡಿ ಮಾಡಿ ಉದುರಿಸಿ.

ಪ್ರಶ್ನೆ: ನನಗೀಗ ಐದು ತಿಂಗಳು. ಒಂದೇ ಒಂದು ಬೌಲ್?

ಉತ್ತರ: ಹಸಿದು ಒಂದು ತುತ್ತೂ ಬೇಡ ತಾಯಿ, ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಭಯ ಇದೆ, ಬಿಗ್‌ಐ ಟ್ಯೂನಾದಲ್ಲಂತೂ ಪಾದರಸವೂ ಜಾಸ್ತಿ. ಬೇಯಿಸಿದ ಸಿಗಡಿದು ಬಿಸಿ ಆರೋ ಮುಂಚೆ ಮಾಡ್ಕೊಂಡು ತಿನ್ನಿ. ಪುಟ್ಟ ಮಕ್ಕಳು, ವಯಸ್ಸಾದವರು, ಕೀಮೋ ತಗೋತಿರೋರು ಎಲ್ರಿಗೂ ಇದೇ ಮಾತು.

ಪ್ರಶ್ನೆ: ರಾತ್ರಿ ಉಳಿದ ಪೋಕೆ ಮಾರನೇ ದಿನ ಆಫೀಸ್ ಡಬ್ಬಿಗೆ ಹಾಕ್ಬಹುದಾ?
(ಫ್ರಿಮಾಂಟ್‌ನಿಂದ)

ಉತ್ತರ: ಹಸಿಯಾಗಿ ಡಬ್ಬಿಗೆ ಬೇಡ. ಟೇಬಲ್ ಮೇಲೆ ಎರಡು ಗಂಟೆಗಿಂತ ಜಾಸ್ತಿ ಇದ್ದದ್ದು ಸೀದಾ ಕಸಕ್ಕೆ. ಬಡಿಸದೇ ಫ್ರಿಜ್‌ನಲ್ಲೇ ಇದ್ದದ್ದಾದ್ರೆ ಹವಾಯಿಯವರು ಮಾಡೋ ಹಾಗೆ ಮಾರನೇ ದಿನ ಹುರೀರಿ: ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಿಸಿ, ಸಾಸ್ ಬಸಿದು ಮೀನು ಮಾತ್ರ ಹಾಕಿ, ಒಳಗೂ ಬೇಯೋ ತನಕ ಕೈಯಾಡಿಸಿ. ಸೋಯಾ ಇರೋದ್ರಿಂದ ಬೇಗ ಹತ್ತತ್ತೆ, ಉರಿ ನೋಡ್ಕೊಳ್ಳಿ. ಮೇಲೆ ಒಂದು ಮೊಟ್ಟೆ ಒಡೆದು ಹಾಕಿದ್ರೆ ಬೆಳಗಿನ ತಿಂಡಿ ಆಯ್ತು, ಡಬ್ಬಿಗೆ ಬೇರೆ ಏನಾದ್ರೂ ಮಾಡ್ಕೊಳ್ಳಿ.