ಸಂಪಾದಕರ ಉತ್ತರ: ಅಟ್ಟದಿಂದ ಇಳಿದ ಕಾರ್ಡುಗಳು

ಸಕಲೇಶಪುರದ ಓದುಗರೊಬ್ಬರು ಬರೆದಿದ್ದಾರೆ:

"ಮೇ ತಿಂಗಳಲ್ಲಿ ಹೆಂಚು ಸರಿಮಾಡಿಸಲೆಂದು ಅಟ್ಟ ಖಾಲಿ ಮಾಡಿಸಿದಾಗ ನನ್ನ ತಮ್ಮನ ಪೆಟ್ಟಿಗೆಯೊಂದು ಸಿಕ್ಕಿತು. ಅವನು 1989ರಿಂದ 1996ರವರೆಗೆ ಅಮೆರಿಕದಲ್ಲಿ ಓದಿ, ಕೆಲಸ ಮಾಡಿ ಬಂದವನು. ಪೆಟ್ಟಿಗೆಯಲ್ಲಿ ಒಂದು ದಪ್ಪ ಫೈಲು. ಅದರೊಳಗೆ ಒಂಬತ್ತು ಕಿಸೆಗಳ ಹದಿನೆಂಟು ಪ್ಲಾಸ್ಟಿಕ್ ಹಾಳೆಗಳು, ಕಿಸೆಗೊಂದರಂತೆ ಸ್ಪೈಡರ್‌ಮ್ಯಾನ್, ಕ್ಯಾಪ್ಟನ್ ಅಮೆರಿಕ ಮುಂತಾದವರ ಕಾರ್ಡು. ಕೊನೆಯ ಹಾಳೆಯಲ್ಲಿ, ಕಡೆಯದಕ್ಕೆ ಹಿಂದಿನ ಕಿಸೆ ಮಾತ್ರ ಖಾಲಿ. ಇದಲ್ಲದೆ ರಬ್ಬರ್‌ಬ್ಯಾಂಡ್ ಹಾಕಿದ ಹೊಳಪಿನ ಕಾರ್ಡುಗಳ ಕಟ್ಟೊಂದು, ಅವುಗಳ ಹಿಂದೆ 1992 ಎಂದಿದೆ. ಚೀಲ ಬಿಚ್ಚದ ಐದು ಕಾಮಿಕ್ಸ್ ಪುಸ್ತಕಗಳೂ ಇವೆ, ಐದೂ ಒಂದೇ! ಪಕ್ಕದ ಮನೆಯ ಹುಡುಗ ಮೊಬೈಲ್ ನೋಡಿ ಇವುಗಳಿಗೆ ಲಕ್ಷಗಟ್ಟಲೆ ಬೆಲೆ ಎನ್ನುತ್ತಾನೆ. ನಮ್ಮ ಯಜಮಾನರು ರದ್ದಿಗೆ ಹಾಕು ಎನ್ನುತ್ತಾರೆ. ತಮ್ಮನನ್ನು ಕೇಳಿದರೆ 'ನಿನ್ನಿಷ್ಟ ಅಕ್ಕ' ಎಂದು ಸುಮ್ಮನಾದ. ಓದಿ ಕೆಲಸದಲ್ಲಿದ್ದ ಮನುಷ್ಯ ಮಕ್ಕಳ ಚಿತ್ರಗಳನ್ನು ಏಕೆ ಕೂಡಿಟ್ಟ? ಇವುಗಳನ್ನು ಏನು ಮಾಡಲಿ?"

ಮಾನ್ಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಒಂದು ಕೋರಿಕೆ: ಈ ಉತ್ತರ ಓದಿ ಮುಗಿಸುವವರೆಗೆ ಆ ಪೆಟ್ಟಿಗೆ ರದ್ದಿಯವನ ಕೈ ಸೇರದಂತೆ ನೋಡಿಕೊಳ್ಳಿ. ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ, ಒಂದು ವಾರದ ಗಡುವು ಕೇಳಿ.

ಒಂಬತ್ತು ಕಿಸೆಗಳ ಹದಿನೆಂಟು ಹಾಳೆ ಎಂದು ಬರೆದಿರಿ. ಗುಣಿಸಿದರೆ 162. ಅಷ್ಟು ಸಾಕು, ನಿಮ್ಮ ಮಡಿಲಲ್ಲಿ ಇರುವುದು ಏನೆಂದು ಹೆಚ್ಚುಕಡಿಮೆ ಹೇಳಬಲ್ಲೆ. ಉತ್ತರ ಕ್ಯಾರೊಲೈನಾ ರಾಜ್ಯದ ಡರ್ಹಮ್‌ನಲ್ಲಿದ್ದ ಇಂಪೆಲ್ ಎಂಬ ಕಂಪನಿ 1990ರಲ್ಲಿ, ಸ್ಪೈಡರ್‌ಮ್ಯಾನ್ ಮುಂತಾದವರ ಕಾಮಿಕ್ಸ್ ಪ್ರಕಟಿಸುವ ಮಾರ್ವೆಲ್ ಕಂಪನಿಯ ಪಾತ್ರಗಳನ್ನು ಹಾಕಿ, 'ಮಾರ್ವೆಲ್ ಯೂನಿವರ್ಸ್' ಹೆಸರಿನಲ್ಲಿ 162 ಕಾರ್ಡುಗಳ ಸರಣಿ ಹೊರತಂದಿತು. ಮರುವರ್ಷದ ಎರಡನೆಯ ಸರಣಿಯಲ್ಲೂ 162 ಕಾರ್ಡುಗಳೇ ಇದ್ದವು. ಯಾವುದೆಂದು ತಿಳಿಯಲು ಕಾರ್ಡಿನ ಬೆನ್ನು ನೋಡಿ. ಶಕ್ತಿ, ವೇಗ, ಬುದ್ಧಿ ಇತ್ಯಾದಿಗಳಿಗೆ ಅಳತೆಪಟ್ಟಿ ಇದ್ದರೆ ಅದು 1991ರದು. ಎಷ್ಟು ಕಾಳಗ ಮಾಡಿದ, ಎಷ್ಟು ಗೆದ್ದ, ಎಷ್ಟು ಸೋತ, ಗೆಲುವು ಶೇಕಡ ಎಷ್ಟು ಎಂಬ ಲೆಕ್ಕವಿದ್ದರೆ 1990ರ ಮೊದಲ ಸರಣಿ. ಮೊದಲನೆಯ ಕಿಸೆಯಲ್ಲಿ ಕ್ಯಾಪ್ಟನ್ ಅಮೆರಿಕ ಇದ್ದರೆ ಅನುಮಾನವೇ ಬೇಡ.

ಆ ಕಾಳಗದ ಲೆಕ್ಕವೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. ಅಮೆರಿಕದಲ್ಲಿ ಕಾರ್ಡು ಕೂಡಿಡುವ ಹವ್ಯಾಸ ಹುಟ್ಟಿದ್ದು ಸೂಪರ್‌ಹೀರೋಗಳಿಂದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಿಗರೇಟು ಪೊಟ್ಟಣ ಬಾಗದಿರಲೆಂದು ಒಳಗಿಟ್ಟ ಗಟ್ಟಿ ಕಾಗದದ ಮೇಲೆ ಬೇಸ್‌ಬಾಲ್ ಆಟಗಾರರ ಚಿತ್ರ ಅಚ್ಚು ಹಾಕತೊಡಗಿದರು. ಮುಂದೆ ತಂಬಾಕಿನ ಜಾಗಕ್ಕೆ ಚ್ಯೂಯಿಂಗ್ ಗಮ್ ಬಂತು. ಫಿಲಡೆಲ್ಫಿಯಾದ ಗಮ್ ಇಂಕ್ 1940ರಲ್ಲೇ ಸೂಪರ್‌ಮ್ಯಾನನ 72 ಕಾರ್ಡು ಮಾಡಿತ್ತು. 1966ರಲ್ಲಿ ಟಿ.ವಿ.ಯಲ್ಲಿ ಬ್ಯಾಟ್‌ಮ್ಯಾನ್ ಧಾರಾವಾಹಿ ಶುರುವಾದಾಗ ಟಾಪ್ಸ್ ಕಂಪನಿ ನಾರ್ಮನ್ ಸಾಂಡರ್ಸ್ ಎಂಬ ಕಲಾವಿದರಿಂದ ಬಣ್ಣ ಹಾಕಿಸಿ 55 ಕಾರ್ಡುಗಳ ಸರಣಿ ತಂದಿತು. ಅಗ್ಗದ ಪತ್ತೇದಾರಿ ಪತ್ರಿಕೆಗಳಿಗೆ ಮುಖಪುಟ ಬರೆದು ಪಳಗಿದ ಕೈ ಅದು. ಕತ್ತಲು, ಹೊಗೆ, ಬೀಳುತ್ತಿರುವ ದೇಹ, ಎಲ್ಲವನ್ನೂ ಅಂಗೈಗಿಂತ ಚಿಕ್ಕ ಜಾಗದಲ್ಲಿ ತೋರಿಸುತ್ತಿದ್ದರು. ನನ್ನ ಪಾಲಿಗೆ ಇಂದಿಗೂ ಅವನ್ನು ಮೀರಿದ ಬ್ಯಾಟ್‌ಮ್ಯಾನ್ ಕಾರ್ಡುಗಳಿಲ್ಲ.

ಆದರೆ ಇಂಪೆಲ್‌ನವರು ಹೊಸದೊಂದು ಯೋಚಿಸಿದರು. ಸೂಪರ್‌ಹೀರೋಗಳನ್ನು ಬೇಸ್‌ಬಾಲ್ ಆಟಗಾರರಂತೆಯೇ ನಡೆಸಿಕೊಂಡರು. ಬೇಸ್‌ಬಾಲ್ ಕಾರ್ಡಿನ ಹಿಂದೆ ಆಟಗಾರನ ಅಂಕಿ ಅಂಶ ಇರುವಂತೆ ಇಲ್ಲಿ ಕಾಳಗದ ಅಂಕಿ ಅಂಶ. ಅಲ್ಲಿ 'ರೂಕಿ' ಎಂದು ಹೊಸಬರಿಗೆ ಬೇರೆ ಸಾಲು ಇರುವಂತೆ ಇಲ್ಲೂ 'ರೂಕಿ'ಗಳ ಸಾಲು. ಜೊತೆಗೆ ಖಳರು, ತಂಡಗಳು, ಪ್ರಸಿದ್ಧ ಕಾಳಗಗಳು, ಬೆಲೆಬಾಳುವ ಹಳೆಯ ಕಾಮಿಕ್ಸ್ ಮುಖಪುಟಗಳು. ಈ ವೀರ ಮೊದಲು ಯಾವ ಸಂಚಿಕೆಯಲ್ಲಿ ಕಾಣಿಸಿಕೊಂಡ, ಬದ್ಧವೈರಿಗಳು ಯಾರು ಎಂಬುದೂ ಬೆನ್ನ ಮೇಲೆ ಇತ್ತು. ಅಂತರ್ಜಾಲ ಮನೆ ಮನೆಗೆ ಬರದಿದ್ದ ಆ ದಿನಗಳಲ್ಲಿ, ಮೂವತ್ತು ವರ್ಷಗಳ ಕಾಮಿಕ್ಸ್ ಓದದೆ ಹೊರಗಿನಿಂದ ಬಂದವನಿಗೆ ಆ 162 ಕಾರ್ಡುಗಳು ಒಂದು ಕೋಶದಂತಿದ್ದವು. ನಾನು 1991ರಲ್ಲಿ ಮಿಷಿಗನ್‌ಗೆ ಹೋದಾಗ ಸಹಪಾಠಿಗಳ ಮಾತಿನಲ್ಲಿ ಬರುವ ಹೆಸರುಗಳು ಒಂದೂ ತಿಳಿಯುತ್ತಿರಲಿಲ್ಲ. ಒಂದು ಚಳಿಗಾಲ ಪೂರ್ತಿ ಈ ಕಾರ್ಡುಗಳ ಬೆನ್ನು ಓದಿದೆ. ಊಟದ ಮೇಜಿನಲ್ಲಿ ನಾನೂ ಬಾಯಿಬಿಡುವಂತಾದೆ. ನಿಮ್ಮ ತಮ್ಮನ ವಿಷಯ ನನಗೆ ಗೊತ್ತಿಲ್ಲ. ಆದರೂ ಅಷ್ಟು ದೂರ, ಅಷ್ಟು ಚಳಿಯಲ್ಲಿ ಒಬ್ಬನೇ ಇದ್ದ ಹುಡುಗ ಇವುಗಳನ್ನು ಏಕೆ ಕೊಂಡ ಎಂದು ಊಹಿಸುವುದು ನನಗೆ ಕಷ್ಟವಲ್ಲ.

ಇನ್ನೊಂದು ಮಾತನ್ನು ಲೆಕ್ಕದ ಮೂಲಕವೇ ಹೇಳುತ್ತೇನೆ. ಒಂದು ಪೊಟ್ಟಣದಲ್ಲಿ 12 ಕಾರ್ಡು. ಯಾವುದು ಬರುತ್ತದೆಂದು ಮೊದಲೇ ತಿಳಿಯದು. ಎಲ್ಲ ಕಾರ್ಡುಗಳೂ ಸಮಾನವಾಗಿ ಬೀಳುತ್ತವೆಂದು ಇಟ್ಟುಕೊಂಡರೆ, ಒಬ್ಬನೇ ಕುಳಿತು 162ನ್ನೂ ಕೂಡಿಸಲು ಸರಾಸರಿ 900ಕ್ಕೂ ಹೆಚ್ಚು ಕಾರ್ಡು, ಅಂದರೆ 75 ಪೊಟ್ಟಣಗಳ ಆಸುಪಾಸು ಕೊಳ್ಳಬೇಕು. ಕಟ್ಟಕಡೆಯ ಒಂದು ಕಾರ್ಡಿಗಾಗಿಯೇ ಸರಾಸರಿ ಹದಿಮೂರೂವರೆ ಪೊಟ್ಟಣ ಒಡೆಯಬೇಕು, ಮಿಕ್ಕಿದ್ದೆಲ್ಲ ಆಗಲೇ ಇರುವ ಕಾರ್ಡುಗಳೇ. ವಿದ್ಯಾರ್ಥಿವೇತನದಲ್ಲಿ ದಿನ ದೂಡುವವರಿಗೆ ಅದು ಆಗದ ಮಾತು. ಹಾಗಾಗಿ ಡಬಲ್ ಬಂದದ್ದನ್ನು ಹಿಡಿದುಕೊಂಡು ಇನ್ನೊಬ್ಬನನ್ನು ಹುಡುಕಲೇಬೇಕು. ನನ್ನ ಫೈಲಿನಲ್ಲಿರುವ ಕಾರ್ಡುಗಳಲ್ಲಿ ಮೂರನೆಯ ಒಂದು ಭಾಗದಷ್ಟು ಅದಲುಬದಲಿನಿಂದ ಬಂದವು. ಯಾವುದು ಯಾರಿಂದ ಬಂತೆಂದು ಇಂದಿಗೂ ಹೇಳಬಲ್ಲೆ. ಬಟ್ಟೆ ಒಗೆಯುವ ಯಂತ್ರಗಳ ಕೋಣೆಯಲ್ಲಿ ಕೊರಿಯಾದ ಹುಡುಗನೊಬ್ಬ, ಗ್ರಂಥಾಲಯದ ಮೆಟ್ಟಿಲ ಮೇಲೆ ಹೈಸ್ಕೂಲಿನ ಹುಡುಗಿಯೊಬ್ಬಳು. ಆಕೆ ಒಂದಕ್ಕೆ ಮೂರು ಕೇಳುತ್ತಿದ್ದಳು, ಕೊಡದೆ ವಿಧಿಯಿರಲಿಲ್ಲ.

ಇನ್ನು ಲಕ್ಷಗಟ್ಟಲೆ ಬೆಲೆಯ ಮಾತು. ಪಕ್ಕದ ಮನೆಯ ಹುಡುಗ ಸುಳ್ಳು ಹೇಳಿಲ್ಲ, ಕೇಳುವ ಬೆಲೆಯನ್ನೇ ಕೊಟ್ಟ ಬೆಲೆ ಎಂದು ಎಣಿಸಿದ್ದಾನೆ ಅಷ್ಟೇ. ಮಾರಾಟಕ್ಕಿಟ್ಟವನು ಏನನ್ನಾದರೂ ಕೇಳಬಹುದು. ಹರಾಜು ತಾಣಗಳಲ್ಲಿ ಈಗಾಗಲೇ ಮಾರಾಟವಾದವನ್ನು ಮಾತ್ರ ತೋರಿಸುವ ಸೌಲಭ್ಯವಿದೆ, ಅದನ್ನು ನೋಡಲು ಹೇಳಿ. ದೊಡ್ಡ ಮೊತ್ತ ಬರುವುದು ಸಾಮಾನ್ಯವಾಗಿ ದರ್ಜೆ ಕಟ್ಟಿಸಿದ ಕಾರ್ಡಿಗೆ. ಪಿಎಸ್‌ಎಯಂಥ ಸಂಸ್ಥೆಗೆ ಕಾರ್ಡು ಕಳಿಸಿದರೆ, ಚಿತ್ರ ನಟ್ಟನಡುವೆ ಕುಳಿತಿದೆಯೇ, ನಾಲ್ಕು ಮೂಲೆ ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೇಲ್ಮೈಯಲ್ಲಿ ಗೀರಿದೆಯೇ ಎಂದು ನೋಡಿ ಹತ್ತರೊಳಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುದ್ರೆ ಹಾಕಿ ಕೊಡುತ್ತದೆ. ಹತ್ತಕ್ಕೆ ಹತ್ತು ಬಂದ ಕಾರ್ಡಿಗೂ ಒಂಬತ್ತು ಬಂದದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ. ಸಕಲೇಶಪುರದ ಅಟ್ಟದಲ್ಲಿ ಅಷ್ಟೊಂದು ಮಳೆಗಾಲ ಕಳೆದ ಕಾರ್ಡಿಗೆ ಹತ್ತು ಸಿಗುವ ಸಂಭವ ಬಹಳ ಕಡಿಮೆ. ಕಳಿಸುವ, ತರಿಸುವ, ಶುಲ್ಕ ಕಟ್ಟುವ ಖರ್ಚು ಮಾತ್ರ ಖಂಡಿತ. ಫೈಲಿನ ಹಿಂಭಾಗದಲ್ಲಿ ಅಲುಗಿಸಿದಾಗ ಬಣ್ಣ ಬದಲಿಸುವ ಬೆಳ್ಳಿಬಣ್ಣದ ಹೊಲೊಗ್ರಾಂಗಳಿವೆಯೇ ನೋಡಿ. ಮೊದಲ ಸರಣಿಯಲ್ಲಿ ಅವು ಐದೇ ಐದು. ವೊಲ್ವರಿನ್, ಸಿಲ್ವರ್ ಸರ್ಫರ್, ಮ್ಯಾಗ್ನೀಟೊ ಅವುಗಳಲ್ಲಿ ಮೂರು. ಉಳಿದವುಗಳಿಗಿಂತ ಅವುಗಳಿಗೆ ಬೇಡಿಕೆ ಹೆಚ್ಚು. ನಾನು ಕೊಂಡ ಇಡೀ ಡಬ್ಬವೊಂದರಲ್ಲಿ ಒಂದೂ ಸಿಗಲಿಲ್ಲ. ಅಂಗಡಿಯಾತ ಪೊಟ್ಟಣಗಳನ್ನು ಬಿಡಿಸಿ, ಹೊಲೊಗ್ರಾಂ ತೆಗೆದು, ಮತ್ತೆ ಅಂಟಿಸಿ ಮಾರುತ್ತಿದ್ದ ಎಂದು ತಿಳಿದಾಗ ಆದ ನೋವು ಈಗಲೂ ಹಾಗೆಯೇ ಇದೆ.

ಚೀಲ ಬಿಚ್ಚದ ಐದು ಪುಸ್ತಕಗಳ ಮೇಲೆ 'ಎಕ್ಸ್-ಫೋರ್ಸ್' ಎಂದು ಬರೆದಿರಬೇಕು, ಮಾರ್ವೆಲ್‌ನದೇ ಕಾಮಿಕ್ಸ್, ಸಂಚಿಕೆ 1, ವರ್ಷ 1991. ಅಂದಿನ ಹುಚ್ಚಿಗೆ ಇದಕ್ಕಿಂತ ಸಾಕ್ಷಿ ಬೇಡ. ಐದು ಬಗೆಯ ಕಾರ್ಡುಗಳಲ್ಲಿ ಒಂದನ್ನು ಪುಸ್ತಕದ ಜೊತೆಗಿಟ್ಟು ಚೀಲ ಮುಚ್ಚಿದರು. ಐದೂ ಬೇಕೆಂದರೆ ಐದು ಪ್ರತಿ ಕೊಳ್ಳಬೇಕು, ಓದಬೇಕೆಂದರೆ ಆರನೆಯದು! ಬಿಚ್ಚದಿದ್ದರೆ ಮುಂದೆ ಮಗನ ಕಾಲೇಜು ಖರ್ಚಿಗಾಗುತ್ತದೆ ಎಂದು ಜನ ನಂಬಿದರು. ಆ ಸಂಚಿಕೆ ಸುಮಾರು 50 ಲಕ್ಷ ಪ್ರತಿ ಹೋಯಿತು. ಎಲ್ಲರೂ ಜೋಪಾನ ಮಾಡಿದ್ದು ಎಂದಾದರೂ ಅಪರೂಪವಾದೀತೇ? 1938ರ ಸೂಪರ್‌ಮ್ಯಾನ್ ಕಾಮಿಕ್ಸಿಗೆ ಇಂದು ಆ ಬೆಲೆ ಇರುವುದು ಅಂದಿನ ಮಕ್ಕಳು ಅದನ್ನು ಓದಿ, ಹರಿದು, ಯುದ್ಧಕಾಲದಲ್ಲಿ ರದ್ದಿಗೆ ಕೊಟ್ಟದ್ದರಿಂದ.

ಕಾರ್ಡಿನ ಉದ್ಯಮದ ಕಥೆಯೂ ಅದೇ ದಾರಿ ಹಿಡಿಯಿತು. ಮಾರ್ವೆಲ್ ಕಂಪನಿ 1992ರಲ್ಲಿ ಫ್ಲೀರ್ ಎಂಬ ಕಾರ್ಡು ಕಂಪನಿಯನ್ನೇ ಕೊಂಡಿತು. 1994ರಲ್ಲಿ ಬೇಸ್‌ಬಾಲ್ ಆಟಗಾರರ ಮುಷ್ಕರದಿಂದ ಆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಪಂದ್ಯಗಳೇ ರದ್ದಾಗಿ ಕಾರ್ಡು ಮಾರಾಟ ಕುಸಿಯಿತು. 1995ರಲ್ಲಿ ಸ್ಕೈಬಾಕ್ಸ್ ಅನ್ನೂ (ಇಂಪೆಲ್‌ಗೆ ಆ ಹೊತ್ತಿಗೆ ಬಂದಿದ್ದ ಹೊಸ ಹೆಸರು) ಕೊಂಡದ್ದಾಯಿತು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಸಾಲವೇ ಅದಕ್ಕೆ ದೊಡ್ಡ ಕಾರಣ, ಆದರೆ ಆ ಸಾಲದೊಳಗೆ ಈ ಕಾರ್ಡುಗಳೂ ಇದ್ದವು.

ರಬ್ಬರ್‌ಬ್ಯಾಂಡಿನ ಕಟ್ಟಿಗೆ ಬರುತ್ತೇನೆ. ದಯವಿಟ್ಟು ಇವತ್ತೇ ಅದನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಿರಿ, ಎಳೆಯಬೇಡಿ. ಸೆಕೆಗೆ ರಬ್ಬರ್ ಕರಗಿ ಅಂಚಿಗೆ ಕಚ್ಚಿಕೊಂಡಿರುತ್ತದೆ. ಬಣ್ಣದಲ್ಲಿ ಬರೆದ ವರ್ಣಚಿತ್ರದಂತೆ ಕಂಡರೆ ಅವು 1992ರ 'ಮಾರ್ವೆಲ್ ಮಾಸ್ಟರ್‌ಪೀಸಸ್' ಆಗಿರಬಹುದು, ಜೋ ಜಸ್ಕೊ ಎಂಬ ಕಲಾವಿದರ ಕೈಚಳಕ. ಸ್ನಾಯುವಿನ ಮೇಲೆ ಬಿದ್ದ ಬೆಳಕನ್ನು, ಮಳೆಯಲ್ಲಿ ಒದ್ದೆಯಾದ ಬಟ್ಟೆಯನ್ನು ಆತ ತೋರಿಸಿದ ರೀತಿ ನೋಡಿಯೇ ಎಷ್ಟೋ ಜನ ಕಾರ್ಡನ್ನು ಕಲೆಯೆಂದು ಒಪ್ಪಿದರು. 2016ರಲ್ಲಿ ಅವರು ಅದೇ ಹೆಸರಿನ ಸರಣಿಗೆ ಮತ್ತೆ ಬಂದು ಚಿತ್ರ ಬರೆದರು. ಈ ಹೊಳಪಿನ ಕಾರ್ಡುಗಳು ತೇವಕ್ಕೆ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತವೆ. ಕಿತ್ತರೆ ಒಂದರ ಮುಖ ಇನ್ನೊಂದರ ಬೆನ್ನಿಗೆ ಬರುತ್ತದೆ. ಬಿಸಿಲಿಗೆ ಹಾಕಬೇಡಿ. ಫ್ಯಾನಿನ ಗಾಳಿಯಿರುವ ಒಣ ಕೋಣೆಯಲ್ಲಿ ಕೆಲವು ದಿನ ಹಾಗೇ ಬಿಟ್ಟು, ತಾವಾಗಿ ಸಡಿಲಾದವನ್ನು ಮಾತ್ರ ಅಡ್ಡಕ್ಕೆ ಜಾರಿಸಿ ಬೇರ್ಪಡಿಸಿ. ಉಳಿದವು ಇದ್ದಂತೆ ಇರಲಿ.

ಫೈಲಿನ ಹಾಳೆಗಳನ್ನು ಮೂಸಿ ನೋಡಿ. ಹೊಸ ರೆಕ್ಸಿನ್ನಿನ ವಾಸನೆ ಬಂದರೆ, ಮುಟ್ಟಿದರೆ ಜಿಗುಟಾಗಿದ್ದರೆ ಅದು ಪಿವಿಸಿ, ಕಾರ್ಡನ್ನು ನಿಧಾನವಾಗಿ ತಿನ್ನುತ್ತದೆ. ವಾಸನೆಯಿಲ್ಲದ ಪಾಲಿಪ್ರೊಪಿಲೀನ್ ಹಾಳೆಗಳಿಗೆ ಬದಲಿಸಿ. ಅಟ್ಟ ಬೇಡ, ನೆಲಕ್ಕೆ ಹತ್ತಿರವೂ ಬೇಡ, ಬೀರುವಿನ ನಡುವಿನ ಅರೆ ಒಳ್ಳೆಯದು. ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ, ನುಸಿಗುಳಿಗೆ ಇಡಬೇಡಿ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಮಲೆನಾಡಿನಲ್ಲಿ ಕಾಗದ ಉಳಿಸುವುದು ಎಷ್ಟು ಕಷ್ಟವೆಂದು ನಿಮಗೆ ನಾನು ಹೇಳಬೇಕಿಲ್ಲ. ಜೂನ್ ಬರುವ ಮುಂಚೆ ಇಷ್ಟಾದರೂ ಆಗಲಿ.

ಕೊನೆಗೆ ಆ ಖಾಲಿ ಕಿಸೆ. ಪತ್ರ ಓದುವಾಗ ನಾನು ನಿಂತದ್ದು ಅಲ್ಲಿಯೇ. ಹದಿನೆಂಟನೆಯ ಹಾಳೆಯ ಕಡೆಯ ಕಿಸೆಯದು 162, ಅದು ಸರಣಿಯ ಕಾರ್ಡುಗಳ ಬರೀ ಪಟ್ಟಿ. ಅದಕ್ಕೆ ಹಿಂದಿನದು 161. ಇದು 1990ರ ಸರಣಿಯೇ ಆಗಿದ್ದರೆ 161ರಲ್ಲಿ ಇರುವುದು ವೀರನೂ ಅಲ್ಲ, ಖಳನೂ ಅಲ್ಲ. ಅದು ಸ್ಟ್ಯಾನ್ ಲೀ, ಈ ಲೋಕವನ್ನು ಕಟ್ಟಿದವರಲ್ಲಿ ಒಬ್ಬರು. (ಲೀ ಜೊತೆಗೂಡಿ ಈ ಪಾತ್ರಗಳನ್ನು ರೂಪಿಸಿದ ಚಿತ್ರಕಾರರಾದ ಜಾಕ್ ಕರ್ಬಿ, ಸ್ಟೀವ್ ಡಿಟ್ಕೊ ಅವರಿಗೂ ಅಲ್ಲೊಂದು ಜಾಗ ಇರಬೇಕಿತ್ತು ಎಂಬುದು ನನ್ನ ಹಳೆಯ ತಕರಾರು.) ಲೀ 2018ರ ನವೆಂಬರಿನಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬದುಕಿದ್ದಷ್ಟು ಕಾಲ ಕಾಮಿಕ್ಸ್ ಸಮ್ಮೇಳನಗಳಿಗೆ ಹೋಗಿ ಅಭಿಮಾನಿಗಳಿಗೆ ಸಹಿ ಹಾಕಿಕೊಡುತ್ತಿದ್ದರು. ಅವರ ಮುಂದೆ ಹಿಡಿಯಲು ಎಷ್ಟೋ ಜನ ಫೈಲಿನಿಂದ ಹೊರತೆಗೆಯುತ್ತಿದ್ದ ಕಾರ್ಡು ಇದೇ.

ನಿಮ್ಮ ತಮ್ಮ 161 ಕಾರ್ಡು ಕೂಡಿಸಿ, ಈ ಒಂದೇ ಒಂದು ಸಿಗಲಿಲ್ಲವೆಂದು ಸುಮ್ಮನಾದರೇ, ಅಥವಾ ಸಿಕ್ಕಿದ್ದನ್ನು ಹೊರತೆಗೆದರೇ? ಪೆಟ್ಟಿಗೆ ಏನು ಮಾಡಲಿ ಎಂದು ನಿಮ್ಮ ತಮ್ಮನನ್ನು ಇನ್ನು ಕೇಳಬೇಡಿ. 161 ಎಲ್ಲಿದೆ ಎಂದು ಕೇಳಿ. ಈ ಸಲ 'ನಿನ್ನಿಷ್ಟ ಅಕ್ಕ' ಎನ್ನಲಾರರು ಎಂದು ನನ್ನ ನಂಬಿಕೆ.

ಅದು ಅವರ ಬಳಿಯೂ ಇಲ್ಲವೆಂದಾದರೆ ಪತ್ರಿಕೆಯ ವಿಳಾಸಕ್ಕೆ ಒಂದು ಅಂಚೆ ಕಾರ್ಡು ಹಾಕಿ. ನನ್ನ ಹತ್ತಿರ 161 ಎರಡಿವೆ. ಒಂದರ ಮೂಲೆ ಬಗ್ಗಿದೆ, ಚೆನ್ನಾಗಿರುವುದನ್ನೇ ಕಳಿಸುತ್ತೇನೆ. ಬದಲಿಗೆ ಅವರ ಡಬಲ್‌ಗಳಲ್ಲಿ 97 ಇದೆಯೇ ಎಂದು ವಿಚಾರಿಸಿ. ನನ್ನದರಲ್ಲಿ ಆ ಕಿಸೆ ಖಾಲಿ.

ಸಂಪಾದಕ