ಗಿಗಾಹರ್ಟ್ಸ್ ಪೈಪೋಟಿ ವ್ಯಾಟ್ ಪೈಪೋಟಿಯಾದದ್ದೇಕೆ?

ಪ್ರಶ್ನೆ: ಹಿಂದೆ ಪ್ರೊಸೆಸರ್‌ಗಳ ಜಾಹೀರಾತಿನಲ್ಲಿ ಗಿಗಾಹರ್ಟ್ಸ್ ಸಂಖ್ಯೆಯೇ ಎದ್ದು ಕಾಣುತ್ತಿತ್ತು. ಈಗ ಎಲ್ಲ ಕಂಪನಿಗಳೂ ವಿದ್ಯುತ್ ಉಳಿತಾಯದ ಮಾತನಾಡುತ್ತಿವೆ. ಕಡಿಮೆ ವಿದ್ಯುತ್ ಬಳಸುವ ಚಿಪ್ ನಿಧಾನವಾಗಿರುವುದಿಲ್ಲವೇ?

ಉತ್ತರ: ಹಾಗೇನೂ ಇಲ್ಲ. ಇಂದು ವೇಗಕ್ಕೆ ದೊಡ್ಡ ತೊಡಕಾಗಿರುವುದು ಶಾಖ. ಆದ್ದರಿಂದ ವಿದ್ಯುತ್ ಬಳಕೆಯನ್ನು ಹತೋಟಿಯಲ್ಲಿಡಬಲ್ಲ ಕಂಪನಿಗೇ ವೇಗ ಹೆಚ್ಚಿಸುವ ಅವಕಾಶವೂ ಸಿಗುತ್ತದೆ. ಚಿಪ್ಪಿನೊಳಗಿನ ಪುಟ್ಟ ಸ್ವಿಚ್‌ಗಳಾದ ಟ್ರಾನ್ಸಿಸ್ಟರ್‌ಗಳು ಸ್ಥಿತಿ ಬದಲಿಸುವಾಗ ಖರ್ಚಾಗುವ ವಿದ್ಯುತ್ತು ಕ್ಲಾಕ್ ವೇಗಕ್ಕೆ (ಸೆಕೆಂಡಿಗೆ ಎಷ್ಟು ಆವರ್ತ ಎಂಬುದು; ಗಿಗಾಹರ್ಟ್ಸ್ ಅಳೆಯುವುದು ಇದನ್ನೇ) ಮಾತ್ರವಲ್ಲ, ವೋಲ್ಟೇಜಿನ ವರ್ಗಕ್ಕೂ (ವೋಲ್ಟೇಜನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೂ) ಅನುಗುಣವಾಗಿ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಕ್ಲಾಕ್ ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕು. ಎರಡನ್ನೂ ಶೇ 10ರಷ್ಟು ಏರಿಸಿದರೆ ಈ ಖರ್ಚು ಶೇ 33ರಷ್ಟು ಏರುತ್ತದೆ.

ಟ್ರಾನ್ಸಿಸ್ಟರ್ ಕಿರಿದಾದಂತೆ ವೋಲ್ಟೇಜನ್ನೂ ಇಳಿಸುತ್ತ ಹೋದರೆ ಅಷ್ಟೇ ಜಾಗದಲ್ಲಿ ಹುಟ್ಟುವ ಶಾಖ ಹೆಚ್ಚುವುದಿಲ್ಲವೆಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಸುಮಾರು ಮೂರು ದಶಕ ಉದ್ಯಮವನ್ನು ನಡೆಸಿದ್ದು ಇದೇ ಸೂತ್ರ. ಆದರೆ 2005ರ ಆಸುಪಾಸಿನಲ್ಲಿ, ಟ್ರಾನ್ಸಿಸ್ಟರ್‌ಗಳಲ್ಲಿ ವಿದ್ಯುತ್ ಸೋರಿಕೆ ಹೆಚ್ಚಿ, ವೋಲ್ಟೇಜನ್ನು ಮೊದಲಿನಂತೆ ಇಳಿಸುವುದು ಅಸಾಧ್ಯವಾಯಿತು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಪ್ರೊಸೆಸರ್ ತರುವ ಯೋಜನೆಯನ್ನು ಇಂಟೆಲ್ 2004ರಲ್ಲಿ ಕೈಬಿಟ್ಟಿತು. 2006ರ ಅದರ ಕೋರ್ 2 ಡ್ಯುಯೊ, ಕಡಿಮೆ ಕ್ಲಾಕ್ ವೇಗದಲ್ಲಿಯೇ, ಪ್ರತಿ ಆವರ್ತದಲ್ಲಿ ಹೆಚ್ಚು ಕೆಲಸ ಮಾಡಿ ಪೆಂಟಿಯಂ 4 ಅನ್ನು ಹಿಂದಿಕ್ಕಿತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

2020ರಲ್ಲಿ ಬಂದ ಆ್ಯಪಲ್‌ನ ಎಂ1 ಚಿಪ್ ಫ್ಯಾನ್ ಇಲ್ಲದ ಲ್ಯಾಪ್‌ಟಾಪಿನಲ್ಲಿಯೂ ಅತಿವೇಗದ ಪ್ರೊಸೆಸರ್‌ಗಳಿಗೆ ಸರಿಸಾಟಿಯಾಗಿ ನಿಂತಾಗ ಈ ಪೈಪೋಟಿ ತೀವ್ರವಾಯಿತು. ಅದರ ಶ್ರೇಯಸ್ಸೆಲ್ಲ ಆರ್ಮ್ ಸೂಚನಾ ಪದ್ಧತಿಗೆ (ಆ ಚಿಪ್ ಅರ್ಥಮಾಡಿಕೊಳ್ಳುವ ಆದೇಶಗಳ ಭಾಷೆಗೆ) ಸಲ್ಲಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಆವರ್ತದಲ್ಲಿ ಹಲವು ಸೂಚನೆಗಳನ್ನು ನಿಭಾಯಿಸುವ ಅಗಲವಾದ ವಿನ್ಯಾಸಕ್ಕೂ, ತೈವಾನಿನ ಚಿಪ್ ತಯಾರಕ ಟಿಎಸ್ಎಂಸಿಯ 5 ನ್ಯಾನೋಮೀಟರ್ ತಯಾರಿಕೆಗೂ (ಈ ಸಂಖ್ಯೆ ಚಿಕ್ಕದಾದಷ್ಟೂ ಟ್ರಾನ್ಸಿಸ್ಟರ್ ಕಿರಿದು) ಅದರಲ್ಲಿ ದೊಡ್ಡ ಪಾಲಿದೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಕೂಡ 2019ರಲ್ಲಿ ಅದೇ ಟಿಎಸ್ಎಂಸಿಯ 7 ನ್ಯಾನೋಮೀಟರ್ ತಯಾರಿಕೆಯಿಂದ ಲಾಭ ಪಡೆದಿತ್ತು. ದೊಡ್ಡ ಕೋರ್‌ಗಳ (ಚಿಪ್ಪಿನೊಳಗಿನ ಲೆಕ್ಕ ಮಾಡುವ ಘಟಕಗಳ) ಜೊತೆಗೆ ಮಿತವ್ಯಯದ ಚಿಕ್ಕ ಕೋರ್‌ಗಳನ್ನು ಜೋಡಿಸುವ ಹಾದಿಗೆ ಇಂಟೆಲ್ ತನ್ನ ಡೆಸ್ಕ್‌ಟಾಪ್ ಚಿಪ್‌ಗಳನ್ನು 2021ರಲ್ಲಿ ತಂದಿತು.

ಚಿಪ್‌ಗಳನ್ನು ಹೋಲಿಸುವಾಗ ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಯೊಂದನ್ನೇ ನಂಬಬೇಡಿ. ಇಂಟೆಲ್ ಕೋರ್ ಐ9-12900ಕೆ ಚಿಪ್ಪಿನ ಮೂಲ ಶಕ್ತಿ 125 ವ್ಯಾಟ್ ಆದರೆ, ವೇಗವನ್ನು ತಾತ್ಕಾಲಿಕವಾಗಿ ಏರಿಸುವ ಟರ್ಬೋ ಸ್ಥಿತಿಯಲ್ಲಿ ಅದು 241 ವ್ಯಾಟ್‌ವರೆಗೆ ಏರಬಲ್ಲದು. ಹೆಚ್ಚು ವ್ಯಾಟ್ ಎಳೆದರೂ ಬೇಗ ಕೆಲಸ ಮುಗಿಸುವ ಚಿಪ್ ಒಟ್ಟಾರೆ ಕಡಿಮೆ ವಿದ್ಯುತ್ತನ್ನು ಖರ್ಚು ಮಾಡಿರಬಹುದು; ಹಾಗಾಗಿ, ಒಂದೇ ಕೆಲಸಕ್ಕೆ ಎರಡೂ ಚಿಪ್‌ಗಳು ತೆಗೆದುಕೊಂಡ ಸಮಯವನ್ನೂ ಬಳಸಿದ ಒಟ್ಟು ವಿದ್ಯುತ್ತನ್ನೂ ಅಳೆದು ತೋರಿಸುವ ಪರೀಕ್ಷೆಗಳನ್ನೇ ನೋಡಿ.