ಬಿಬಿಸಿ ಯಾರ ಕಡೆ ಎಂದು ಕೇಳಿದ್ದೀರಿ

ಲಂಡನ್‌ಗೆ ಬಂದು ಇನ್ನೂ ಮನೆಯನ್ನೇ ಸರಿಯಾಗಿ ಹೊಂದಿಸಿಕೊಂಡಿಲ್ಲ, ಅಷ್ಟರಲ್ಲೇ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಆಫೀಸಿನಲ್ಲಿ ಒಬ್ಬರು ಬಿಬಿಸಿ ಪೂರ್ತಿ ಎಡಪಂಥೀಯರದ್ದು ಅನ್ನುತ್ತಾರೆ, ಇನ್ನೊಬ್ಬರು ಸರ್ಕಾರದ ತುತ್ತೂರಿ ಅನ್ನುತ್ತಾರೆ. ಯಾರನ್ನು ನಂಬಲಿ, ಬಿಬಿಸಿಗೆ ಹಣ ಒದಗಿಸುವ ಟಿವಿ ಲೈಸೆನ್ಸ್‌ಗೆ ದುಡ್ಡು ಕಟ್ಟಲೇಬೇಕಾ ಅಂತ ನಿಮ್ಮ ಪ್ರಶ್ನೆ, ಅಲ್ವಾ?

ದುಡ್ಡಿನ ವಿಷಯ ಮೊದಲು. ಯಾವುದೇ ಚಾನೆಲ್‌ನ ನೇರ ಪ್ರಸಾರ ನೋಡಿದರೂ, ಬಿಬಿಸಿಯ ಆನ್‌ಲೈನ್ ವಿಡಿಯೊ ಸೇವೆ ಐಪ್ಲೇಯರ್ ಬಳಸಿದರೂ ಲೈಸೆನ್ಸ್ ಬೇಕು. ಫೋನಿನಲ್ಲಿ ನೋಡಿದರೂ ಅಷ್ಟೇ. ರೇಡಿಯೊಗೆ ಬೇಡ. ಶುಲ್ಕ 2025ರ ಏಪ್ರಿಲ್‌ನಲ್ಲಿ ವರ್ಷಕ್ಕೆ 174.50 ಪೌಂಡ್‌ಗೆ ಏರಿತು. ಕಟ್ಟುವ ಮುಂಚೆ ಈಗಿನ ದರ ನೋಡಿಕೊಳ್ಳಿ.

ಇನ್ನು ಪಕ್ಷಪಾತದ ಮಾತು. ನಿಮ್ಮ ಸಹೋದ್ಯೋಗಿಗಳಿಬ್ಬರೂ ಸುಮ್ನೆ ಹೇಳುತ್ತಿಲ್ಲ. 2024ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಟ್ರಂಪ್ ಭಾಷಣದ ಎರಡು ತುಣುಕುಗಳನ್ನು ಜೋಡಿಸಿ ಒಂದೇ ಮಾತಿನಂತೆ ತೋರಿಸಿತು. ನಿಜದಲ್ಲಿ ಅವುಗಳ ನಡುವೆ 50 ನಿಮಿಷಕ್ಕೂ ಜಾಸ್ತಿ ಅಂತರವಿತ್ತು. ಆ ಗದ್ದಲದಲ್ಲಿ 2025ರ ನವೆಂಬರ್‌ನಲ್ಲಿ ಮಹಾನಿರ್ದೇಶಕ ಟಿಮ್ ಡೇವಿ ಮತ್ತು ಸುದ್ದಿ ವಿಭಾಗದ ಮುಖ್ಯಸ್ಥೆ ಡೆಬೊರಾ ಟರ್ನೆಸ್ ರಾಜೀನಾಮೆ ಕೊಟ್ಟರು. ಇನ್ನೊಂದು ಕಡೆ, ಬಿಬಿಸಿ ಅಧ್ಯಕ್ಷ ರಿಚರ್ಡ್ ಶಾರ್ಪ್ 2023ರಲ್ಲಿ ಹೊರಹೋದರು. ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರ ಸಾಲದ ವಿಷಯದಲ್ಲಿ ತಮ್ಮ ಪಾತ್ರವನ್ನು ಶಾರ್ಪ್ ತಮ್ಮ ನೇಮಕದ ಹೊತ್ತಿಗೆ ತಿಳಿಸಿರಲಿಲ್ಲ ಎಂದು ತನಿಖಾ ವರದಿ ಹೇಳಿತ್ತು. ಸ್ಕಾಟ್ಲೆಂಡ್‌ನಲ್ಲಂತೂ ಸ್ವಾತಂತ್ರ್ಯದ ಬಗ್ಗೆ ನಡೆದ 2014ರ ಜನಮತಗಣನೆಯ ಸಮಯದಲ್ಲಿ ಬಿಬಿಸಿ ಪಕ್ಷಪಾತಿ ಎಂದು ಗ್ಲಾಸ್ಗೋ ಬಿಬಿಸಿ ಕಚೇರಿಯ ಮುಂದೆಯೇ ಜನ ಪ್ರತಿಭಟನೆ ಮಾಡಿದ್ದರು.

ಹೀಗೆ ಎರಡೂ ಕಡೆಯವರು ಬೈಯುತ್ತಾರೆ, ಹಾಗಾಗಿ ಬಿಬಿಸಿ ಸರಿಯಾಗಿ ನಡುವೆ ಇದೆ ಎಂದು ಅದರ ಅಭಿಮಾನಿಗಳು ವಾದಿಸುವುದನ್ನು ಕೇಳುತ್ತೀರಿ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ವರದಿ ಈ ಕಡೆ ತಪ್ಪಾಗಿ, ಇನ್ನೊಂದು ಆ ಕಡೆ ತಪ್ಪಾದರೆ ಎರಡು ತಪ್ಪಾಯಿತು, ಅಷ್ಟೇ. ಯಾವ ಕಾರ್ಯಕ್ರಮ, ಯಾವ ವರದಿ, ಏನು ಬಿಟ್ಟುಹೋಗಿದೆ ಎಂದು ಒಂದೊಂದನ್ನೇ ನೋಡಬೇಕು.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ಅಧ್ಯಕ್ಷರನ್ನು ರಾಜರು ನೇಮಿಸಿದರೂ ಹೆಸರು ಸೂಚಿಸುವುದು ಸರ್ಕಾರ. ಲೈಸೆನ್ಸ್ ಶುಲ್ಕ ನಿಗದಿ ಮಾಡುವುದೂ ಸರ್ಕಾರವೇ. 2022ರಲ್ಲಿ ಅದನ್ನು ಎರಡು ವರ್ಷ 159 ಪೌಂಡ್‌ಗೇ ನಿಲ್ಲಿಸಿತು. ಬಿಬಿಸಿ ನಡೆಯುವುದು ರಾಯಲ್ ಚಾರ್ಟರ್ ಎಂಬ ರಾಜರ ಹೆಸರಿನ ಸನ್ನದಿನ ಮೇಲೆ, ಈಗಿನದು 2027ರ ಕೊನೆಗೆ ಮುಗಿಯುತ್ತದೆ. ದುಡ್ಡು, ಅಧ್ಯಕ್ಷ, ಅವಧಿ ಎಲ್ಲವೂ ಸರ್ಕಾರದ ಕೈಯಲ್ಲಿದ್ದರೆ, ಯಾವ ಪಕ್ಷ ಬಂದರೂ ಪತ್ರಕರ್ತರು ಸ್ವಲ್ಪ ಹಿಂದೆಮುಂದೆ ನೋಡಿಯೇ ನೋಡುತ್ತಾರೆ. ಟೀಕಾಕಾರರು ಇದರ ಬಗ್ಗೆ ಇನ್ನೂ ಜೋರಾಗಿ ಮಾತಾಡಬೇಕು ಎಂದು ನನ್ನ ಆಸೆ.

ಲೈಸೆನ್ಸ್ ಕಟ್ಟಿದರೂ ಕಟ್ಟದಿದ್ದರೂ ದೂರು ಕೊಡುವ ಹಕ್ಕು ನಿಮಗಿದೆ. ಪ್ರಸಾರವಾದ 30 ಕೆಲಸದ ದಿನಗಳೊಳಗೆ ಮೊದಲು ಬಿಬಿಸಿಗೇ ಬರೆಯಿರಿ. ತೃಪ್ತಿಯಾಗದಿದ್ದರೆ ಅದರ ದೂರು ವಿಭಾಗದಲ್ಲಿ ಮೇಲಿನ ಹಂತಕ್ಕೆ ಹೋಗಿ, ಆಮೇಲೆ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ. ಕಾರ್ಯಕ್ರಮ, ದಿನ, ಯಾವ ಮಾತು ಎಂಬುದನ್ನು ಖಚಿತವಾಗಿ ಬರೆಯಿರಿ. ‘ನೀವು ಪಕ್ಷಪಾತಿಗಳು’ ಎಂದಷ್ಟೇ ಬರೆದರೆ ಏನೂ ಆಗುವುದಿಲ್ಲ.

ಇನ್ನೊಂದು ವಿಷಯ, ಹೊಸಬರಿಗೆ ಇದು ಗೊತ್ತೇ ಇರುವುದಿಲ್ಲ. ಕಾಮನ್‌ವೆಲ್ತ್ ದೇಶದವರಾದ್ದರಿಂದ ಭಾರತದ ಪಾಸ್‌ಪೋರ್ಟ್ ಇದ್ದರೂ, ವೀಸಾ ಮೇಲೆ ಇಲ್ಲಿ ನೆಲೆಸಿರುವವರು ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಈ ವಾರವೇ ಹೆಸರು ನೋಂದಾಯಿಸಿಕೊಳ್ಳಿ. ಆಮೇಲೆ ಚಾರ್ಟರ್ ಬಗ್ಗೆ ನಿಮ್ಮ ಎಂಪಿಗೆ ಒಂದು ಪತ್ರ ಬರೆಯಿರಿ.